ಹೆಬ್ಬೆರಳು ಕೇಳಿದ ಗೇಟು

ಬುಧವಾರ ಬೆಳಗ್ಗೆ ಎಂಟೂವರೆಯ ಬಸ್ಸಿನಲ್ಲಿ ಗೇಟು ಮೇಸ್ತ್ರಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿದ್ದರು. ಕಾಲ ಬಳಿ ಸಲಕರಣೆಯ ಪೆಟ್ಟಿಗೆ, ತೊಡೆಯ ಮೇಲೆ ಒಂಬತ್ತು ಕಿಲೋ ಮರಳು.

ಮರಳು ಹಳೆಯ ಪ್ಯಾಂಟಿನ ನೀಲಿ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿತ್ತು. ಚೀಲದ ಮೇಲ್ಭಾಗದಲ್ಲಿ ಬಿಗಿಯಾಗಿ ದಾರ ಕಟ್ಟಿದ್ದರಿಂದ ಅದಕ್ಕೊಂದು ತಲೆ, ಒಂದು ಹೊಟ್ಟೆ ಬಂದಿತ್ತು. ಹೊಲಿದವರು ಅವರ ಹೆಂಡತಿ. ಕೈಕಾಲು ಸೇರಿಸಲು ಮಾತ್ರ ಒಪ್ಪಿರಲಿಲ್ಲ. "ಮರಳಿಗೆ ಕೈ ಯಾಕ್ರೀ?" ಎಂದಿದ್ದರು. ಹಾಗಾಗಿ ಪಾಪುವಿಗೆ, ಮೇಸ್ತ್ರಿ ಅದನ್ನು ಕರೆಯುವುದೇ ಹಾಗೆ, ಕೈಯಿಲ್ಲ.

"ಇದಕ್ಕೆ ಟಿಕೆಟ್ ಬೇಡ್ವಾ ಮೇಸ್ತ್ರಿ?" ಕಂಡಕ್ಟರ್ ಕೇಳಿದ.

"ಇನ್ನೂ ಐದು ತುಂಬಿಲ್ಲ."

ಈ ಪ್ರಶ್ನೆ, ಈ ಉತ್ತರ ವಾರಕ್ಕೆ ಮೂರು ಸಲವಾದರೂ ನಡೆಯುತ್ತದೆ. ಇಬ್ಬರೂ ನಗುವುದಿಲ್ಲ.

ಮೇಸ್ತ್ರಿಗೆ ಈಗ ಐವತ್ತೊಂಬತ್ತು. ಇಪ್ಪತ್ತೆರಡು ವರ್ಷ ಮರದ ಮೆಟ್ಟಿಲು ಮಾಡಿದರು. ಆಮೇಲೆ ಜನ ಸಿಮೆಂಟಿನ ಮೆಟ್ಟಿಲಿಗೆ ಮನಸೋತರು. ಮರದ ಮೆಟ್ಟಿಲು ಕೇಳುವವರು ಇಲ್ಲವಾದಾಗ, ಒಬ್ಬ ಹಳೆಯ ಗಿರಾಕಿ ತನ್ನ ಮಗು ಉರುಳಿ ಬೀಳದಂತೆ ಮೆಟ್ಟಿಲಿಗೊಂದು ಗೇಟು ಮಾಡಿಕೊಡಿ ಎಂದ. ಮಾಡಿಕೊಟ್ಟರು. ಅವನ ತಂಗಿಗೂ ಒಂದು ಬೇಕಾಯಿತು. ಹೀಗೆ, ಜನರನ್ನು ಮೆಟ್ಟಿಲು ಹತ್ತಿಸುವ ಕೆಲಸದಲ್ಲಿದ್ದವರು ಹತ್ತದಂತೆ ತಡೆಯುವ ಕೆಲಸಕ್ಕೆ ಇಳಿದರು. ಈಗ ಅಂಗಡಿಗಳಲ್ಲಿ ತಯಾರಾದ ಗೇಟುಗಳು ಸಿಗುತ್ತವೆ, ಡಬ್ಬದ ಮೇಲೆ "ಹತ್ತು ನಿಮಿಷದಲ್ಲಿ ನೀವೇ ಜೋಡಿಸಿ" ಎಂದು ಬರೆದಿರುತ್ತದೆ. ಆ ಹತ್ತು ನಿಮಿಷದಲ್ಲಿ ಸೋತವರು ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ಹಳೆಯ ಮನೆಯವರಂತೂ ಮಾಡಿಯೇ ತೀರುತ್ತಾರೆ.

"ಹೊಸ ಮನೆ ಆದ್ರೆ ಮುಕ್ಕಾಲು ಗಂಟೆ ಕೆಲಸ. ಹಳೇದಾದ್ರೆ ಮನೆ ಒಪ್ಪಬೇಕು," ಎನ್ನುತ್ತಾರೆ ಅವರು.

ಅವತ್ತಿನ ಮನೆ ಇಳಿಜಾರಿನ ಬೀದಿಯ ಕೊನೆಯಲ್ಲಿತ್ತು. ವಯಸ್ಸು ತೊಂಬತ್ತರ ಮೇಲೆ. ಕೆಳಗೆ ಅಡುಗೆಮನೆ ಮತ್ತು ಕೂರುವ ಕೋಣೆ, ಮೇಲೆ ಮಲಗುವ ಕೋಣೆಗಳು ಮತ್ತು ಸ್ನಾನದ ಮನೆ, ನಡುವೆ ಹದಿನೈದು ಮರದ ಮೆಟ್ಟಿಲು. ಇರುವವರು ನಾಲ್ಕು ಜನ. ಎಪ್ಪತ್ತೊಂದರ ಅಜ್ಜಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಅವರ ಮಗ, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಸೊಸೆ, ಮತ್ತು ಹತ್ತು ತಿಂಗಳ ಒಂದು ಮಗು. ಹಿಂದಿನ ಗುರುವಾರ ಯಾರೂ ನೋಡದಿದ್ದಾಗ ಮಗು ನಾಲ್ಕು ಮೆಟ್ಟಿಲು ಅಂಬೆಗಾಲಲ್ಲಿ ಹತ್ತಿ, ನಾಲ್ಕನೆಯದರ ಮೇಲೆ ಕೂತು ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡಿತ್ತು. ಮನೆಯವರಿಗೆ ಗೊತ್ತಾಗಿದ್ದು ಆ ಸದ್ದಿನಿಂದಲೇ.

ಸೊಸೆಯ ರಜೆ ಮುಗಿದಿತ್ತು. ಮುಂದಿನ ಸೋಮವಾರದಿಂದ ಅವಳು ಕೆಲಸಕ್ಕೆ, ಮಗು ಅಜ್ಜಿಯ ಕೈಗೆ ಎಂದು ಮಾತಾಗಿತ್ತು. ಜೊತೆಗೆ ಎರಡು ಬೀದಿ ಆಚೆಯ ಶಿಶುವಿಹಾರದಲ್ಲಿ ಒಂದು ಜಾಗ ಕಾದಿರಿಸಲಾಗಿತ್ತು. ಬೇಕೋ ಬೇಡವೋ ಎಂದು ಶುಕ್ರವಾರ ಸಂಜೆ ನಾಲ್ಕರೊಳಗೆ ತಿಳಿಸಬೇಕಿತ್ತು. ಇದನ್ನು ಸೊಸೆ ಮುಚ್ಚಿಟ್ಟಿರಲಿಲ್ಲ. ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

"ಹಾಲು ತೆಗೆಯೋಕೆ ಹೋದಾಗೆಲ್ಲ ಅದು ನನ್ನೇ ದಿಟ್ಟಿಸಿ ನೋಡುತ್ತೆ," ಎಂದರು ಅಜ್ಜಿ, ಮೇಸ್ತ್ರಿಗೆ ಟೀ ಕೊಡುತ್ತಾ. ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ತಂದಿದ್ದರು.

"ಬಿಸಿ ಇದೆ, ಜೋಪಾನ."

ಟೀ ಬೆಚ್ಚಗಿತ್ತು, ಅಷ್ಟೆ. ಮೇಸ್ತ್ರಿ ಅದನ್ನು ಗಮನಿಸಿದರು, ಕುಡಿದರು.

ಕೆಲಸ ಮೆಟ್ಟಿಲ ಮೇಲ್ತುದಿಯಿಂದ ಶುರುವಾಯಿತು. ಗೋಡೆಗೂ ಕೈಹಿಡಿಯ ಕೊನೆಯ ಕಂಬಕ್ಕೂ ನಡುವೆ ಮೇಸ್ತ್ರಿ ಟೇಪು ಹಿಡಿದರು. ನೆಲದ ಹತ್ತಿರ ಎಂಬತ್ತೆರಡು ಸೆಂಟಿಮೀಟರ್, ಮೊಣಕಾಲಿನ ಎತ್ತರದಲ್ಲಿ ಎಂಬತ್ತಮೂರೂವರೆ, ಸೊಂಟದ ಎತ್ತರದಲ್ಲಿ ಎಂಬತ್ತೈದು.

"ಒಂದೇ ಜಾಗಕ್ಕೆ ಮೂರು ಅಳತೆನಾ?" ಮಗ ಕೇಳಿದ.

"ಗೋಡೆ ವಾಲಿದೆ."

"ಬೀಳುತ್ತಾ?"

"ಬೀಳೋದಾಗಿದ್ರೆ ನಿಮ್ಮ ತಾತನ ಕಾಲದಲ್ಲೇ ಬೀಳ್ತಿತ್ತು."

"ನಾನು ಮದುವೆ ಆಗಿ ಬಂದಾಗ್ಲೂ ಹೀಗೇ ಇತ್ತು," ಅಜ್ಜಿ ಕೆಳಗಿನಿಂದ ಕೂಗಿ ಹೇಳಿದರು. "ಗೋಡೆ ಹಾಗೇ ಇದೆ. ನಾವೇ ಬಗ್ಗಿರೋದು."

ಮೇಸ್ತ್ರಿ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋದರು. ಹೆಚ್ಚಿನ ಕಡೆ ಟೊಳ್ಳು. ಹಳೆಯ ಸುಣ್ಣದ ಗಾರೆಗೆ ನೇರವಾಗಿ ಸ್ಕ್ರೂ ಹಾಕಿದರೆ ಬಿಸ್ಕತ್ತಿಗೆ ಹಾಕಿದಂತೆ. ಮಗು ಎರಡು ದಿನ ಹಿಡಿದು ಜಗ್ಗಿದರೆ ಗೇಟು, ಸ್ಕ್ರೂ, ಗಾರೆ ಮೂರೂ ಒಟ್ಟಿಗೆ ಕೈಗೆ ಬರುತ್ತವೆ. ಆದ್ದರಿಂದ ಒಳಗೆ ಇಟ್ಟಿಗೆ ಗಟ್ಟಿಯಾಗಿರುವ ಎರಡು ಜಾಗ ಹುಡುಕಿ, ಅವಕ್ಕೆ ಒಂದು ಉದ್ದನೆಯ ಹಲಗೆ ಬಿಗಿದರು. ಗೇಟಿನ ಕೀಲು ಕೂರುವುದು ಆ ಹಲಗೆಗೆ. ಗೋಡೆಯ ವಾಲನ್ನು ಸರಿದೂಗಿಸಲು ಹಲಗೆಯ ಒಂದು ಬದಿಯನ್ನು ಮೇಲಿಂದ ಕೆಳಗೆ ಇಳಿಜಾರಾಗಿ ಕೀಸಿದರು. ರಸಮಟ್ಟ ಇಟ್ಟಾಗ ಗುಳ್ಳೆ ನಡುವೆ ನಿಂತಿತು. ಆ ಮನೆಯಲ್ಲಿ ತೊಂಬತ್ತು ವರ್ಷದಲ್ಲಿ ನೆಟ್ಟಗೆ ನಿಂತ ಮೊದಲ ವಸ್ತು ಅದೇ ಇರಬೇಕು.

ಇನ್ನೊಂದು ಬದಿಯ ಕಂಬ ಕಡೆದು ಮಾಡಿದ್ದು, ಗುಂಡಗೆ. ಅದಕ್ಕೆ ತೂತು ಕೊರೆಯಬಾರದೆಂದು ಅಜ್ಜಿ ಮೊದಲೇ ತಾಕೀತು ಮಾಡಿದ್ದರು. ಮೇಸ್ತ್ರಿಗೂ ಕೊರೆಯುವ ಮನಸ್ಸಿರಲಿಲ್ಲ. ಕಂಬದ ದುಂಡಿಗೆ ತಕ್ಕಂತೆ ತಗ್ಗು ಮಾಡಿದ ಒಂದು ಮರದ ತುಂಡನ್ನು ಕಂಬಕ್ಕೆ ಅಪ್ಪಿಸಿ, ಎರಡು ಪಟ್ಟಿಗಳಿಂದ ಬಿಗಿದರು.

ಸೊಸೆ ಒಂದೇ ಥರದ ಎರಡು ಗೇಟು ಕೊಂಡಿದ್ದಳು, ಮೇಲಕ್ಕೊಂದು, ಕೆಳಕ್ಕೊಂದು. ಎಲ್ಲ ಓದಿಕೊಂಡೇ ಕೊಂಡಿದ್ದಳು. ಮೇಲ್ತುದಿಗೆ ಬರೀ ಒತ್ತಿ ನಿಲ್ಲಿಸುವ ಗೇಟು ತಂದವರನ್ನು ಮೇಸ್ತ್ರಿ ಅಂಗಡಿಗೆ ವಾಪಸ್ ಕಳಿಸುತ್ತಾರೆ. ಇದು ಸ್ಕ್ರೂ ಹಾಕಿ ಕೂರಿಸುವಂಥದ್ದು. ಮೆಟ್ಟಿಲ ಕಡೆಗೆ ತೆರೆಯುವುದಿಲ್ಲ, ಕಾಲಿಗೆ ತೊಡರುವ ಅಡ್ಡಪಟ್ಟಿಯೂ ಇಲ್ಲ. ಚಿಲಕ ಮಾತ್ರ ಬಡಪೆಟ್ಟಿಗೆ ಬಗ್ಗುವಂಥದ್ದಲ್ಲ. ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಒತ್ತಿ ಹಿಡಿದಂತೆಯೇ ಗೇಟನ್ನು ಮೇಲಕ್ಕೆತ್ತಬೇಕು, ಎತ್ತಿದಂತೆಯೇ ಎಳೆಯಬೇಕು. ಡಬ್ಬದ ಮೇಲಿನ ಚಿತ್ರದಲ್ಲಿ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ನಗುನಗುತ್ತಾ ಅದನ್ನು ತೆರೆಯುತ್ತಿದ್ದಳು. ಈ ಕಸುಬಿನಲ್ಲಿ ಮೇಸ್ತ್ರಿ ಸುಮಾರು ಜನ ಗೇಟು ತೆರೆಯುವುದನ್ನು ನೋಡಿದ್ದಾರೆ. ನಗುತ್ತಾ ತೆರೆದವರನ್ನು ಇನ್ನೂ ಕಂಡಿಲ್ಲ.

ಹನ್ನೆರಡೂವರೆಗೆ ಮೇಲಿನ ಗೇಟು ಕೂತಿತು. ಮೇಸ್ತ್ರಿ ಅದರ ಮೇಲೆ ಎರಡೂ ಕೈಯೂರಿ ಭಾರ ಬಿಟ್ಟರು. ಅಲುಗಲಿಲ್ಲ. ಮರಳಿನ ಪಾಪುವನ್ನು ಎತ್ತಿಕೊಂಡರು.

ಅವರ ನಿಯಮ ಹೀಗಿದೆ. ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವವರು ಎಷ್ಟು ಜನರೋ ಅಷ್ಟೂ ಜನ ಒಂದು ಕೈಯಲ್ಲಿ ಪಾಪುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಗೇಟು ತೆರೆಯಬೇಕು, ದಾಟಬೇಕು, ಮುಚ್ಚಬೇಕು. ಹತ್ತು ಸಲ. ನಿಜವಾದ ಮಗುವನ್ನು ಈ ಪರೀಕ್ಷೆಗೆ ತರುವಂತಿಲ್ಲ. ಮೇಸ್ತ್ರಿಯ ಬಳಿ ಉದ್ದನೆಯ ಒಂದು ಪುಸ್ತಕವಿದೆ. ಅದರಲ್ಲಿ ಪ್ರತಿ ಮನೆಗೆ ಒಂದು ಪುಟ, ಪುಟದ ಕೆಳಗೆ "ಯಾರು ತೆಗೆದರು" ಎಂಬ ಸಾಲು. ಅದು ತುಂಬದೆ ಅವರು ಪೆಟ್ಟಿಗೆ ಮುಚ್ಚುವುದಿಲ್ಲ.

ಮಗ ಹತ್ತು ಸಲ ತೆಗೆದು ಮುಚ್ಚಿದ. ಎರಡು ಸಲ ಪಾಪುವಿನ ತಲೆ ಗೋಡೆಗೆ ತಾಗಿತು.

"ಅದಕ್ಕೇ ಮರಳು," ಎಂದರು ಮೇಸ್ತ್ರಿ.

ಸೊಸೆ ಹತ್ತು ಸಲವನ್ನು ಎರಡು ನಿಮಿಷದಲ್ಲಿ ಮುಗಿಸಿದಳು. ಅವಳು ಪರೀಕ್ಷೆಗಳನ್ನು ನಂಬುವವಳು.

"ಈಗ ಅಮ್ಮ," ಎಂದರು ಮೇಸ್ತ್ರಿ.

ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು. "ನೀವೆಲ್ಲ ಹೀಗೆ ಸಾಲಾಗಿ ನಿಂತು ನೋಡಿದ್ರೆ ನಂಗೆ ಕೈ ನಡುಗುತ್ತೆ. ಕೆಳಗೆ ಹೋಗಿ, ಪಾಪುಗೆ ಊಟದ ಹೊತ್ತಾಯ್ತು. ಮೇಸ್ತ್ರಿ ಒಬ್ರು ಸಾಕು."

ಮಗ, ಸೊಸೆ ಗೇಟನ್ನು ಹಾಗೇ ಒರಗಿಸಿ ಇಳಿದು ಹೋದರು. ಅಜ್ಜಿ ಎಡಗೈಯಲ್ಲಿ ಪಾಪುವನ್ನೆತ್ತಿಕೊಂಡು, ಮೇಸ್ತ್ರಿಗೆ ಬೆನ್ನು ತಿರುಗಿಸಿ ಗೇಟಿನ ಎದುರು ನಿಂತರು. ಗೇಟು ತೆರೆಯಿತು. ದಾಟಿದರು. ಗೇಟು ಮುಚ್ಚಿತು. ಟಕ್. ಎರಡನೇ ಸಲ, ಟಕ್. ಮೂರು, ಟಕ್. ಸೊಸೆಗಿಂತ ಚುರುಕು. ಮೇಸ್ತ್ರಿ ಪುಸ್ತಕದ ಮೇಲೆ ಪೆನ್ನು ಹಿಡಿದು ಎಣಿಸುತ್ತಿದ್ದರು.

ಎಂಟನೆಯ ಸಲ "ಟಕ್" ಎಂಬ ಸದ್ದು ಗೇಟು ಕಂಬ ಮುಟ್ಟುವುದಕ್ಕೆ ಮೊದಲೇ ಬಂತು.

ಮೇಸ್ತ್ರಿ ಹತ್ತೂ ಮುಗಿಯುವವರೆಗೆ ಕಾದರು. ಆಮೇಲೆ ಕಾಲ ತುದಿಯಿಂದ ಗೇಟನ್ನು ಮೆಲ್ಲಗೆ ಮುಟ್ಟಿದರು. ಅದು ಯಾವ ತಕರಾರೂ ಮಾಡದೆ ತೆರೆದುಕೊಂಡಿತು.

"ಸದ್ದು ನಾಲಿಗೆಯಿಂದಾ?" ಎಂದು ಕೇಳಿದರು.

ಅಜ್ಜಿ ಪಾಪುವನ್ನು ನೆಲದ ಮೇಲೆ ಜೋಪಾನವಾಗಿ ಮಲಗಿಸಿದರು. "ಚಿಕ್ಕಂದಿನಲ್ಲಿ ಹಲ್ಲಿ ಥರ ಲೊಚಗುಟ್ಟಿ ನಮ್ಮಕ್ಕನ್ನ ಹೆದರಿಸ್ತಿದ್ದೆ. ಅಭ್ಯಾಸ ಇನ್ನೂ ಹೋಗಿಲ್ಲ."

"ಕೈ ತೋರ್ಸಿ."

ಬಲಗೈಯನ್ನು ಚಾಚಿದರು. ನಾಲ್ಕು ಬೆರಳು ಮಡಚಿದವು. ಹೆಬ್ಬೆರಳು ಹೊರಗೇ ನಿಂತಿತ್ತು. ಮೂವತ್ತೊಂದು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ತೆಗೆದ ಬೆರಳು. ಕೀಲು ಸವೆದು ಎರಡು ವರ್ಷವಾಯಿತು. ಮಗನಿಗೆ ಹೇಳಿರಲಿಲ್ಲ, ಸೊಸೆಗೂ ಹೇಳಿರಲಿಲ್ಲ. ಡಬ್ಬಿಯ ಮುಚ್ಚಳ ಬಾರದಿದ್ದರೆ "ಇದಕ್ಕೆ ಗಂಡಸಿನ ಕೈಯೇ ಬೇಕು ನೋಡು" ಎಂದು ಮಗನನ್ನು ಹೊಗಳಿ ತೆಗೆಸುತ್ತಿದ್ದರು. ನಲ್ಲಿಯನ್ನು ಮಣಿಕಟ್ಟಿನಿಂದ ತಿರುಗಿಸುತ್ತಿದ್ದರು.

"ಬ್ಯಾಂಕಲ್ಲಿ ಸಹಿ ಮಾಡ್ತೀನಿ. ಹೆಬ್ಬೆಟ್ಟು ಯಾಕೆ ಬೇಕು ಅಂದ್ಕೊಂಡಿದ್ದೆ," ಎಂದರು. "ಇವಳು ಹೋಗಿ ಹೋಗಿ ಹೆಬ್ಬೆಟ್ಟು ಕೇಳೋ ಗೇಟನ್ನೇ ತಂದ್ಲು."

"ಎಡಗೈಯಲ್ಲಿ ಆಗುತ್ತಾ?"

"ಎಡಗೈಲಿ ತೆಗೆದ್ರೆ ಮಗು ಬಲಗೈಗೆ ಬರುತ್ತೆ. ಹಿಡಿತ ಇಲ್ಲದ ಕೈಲಿ ಮೆಟ್ಟಿಲ ಮೇಲೆ ಮಗು ಹಿಡ್ಕೊಳ್ಳೋಕೆ ನಂಗೇ ಧೈರ್ಯ ಇಲ್ಲ. ಅಷ್ಟು ಬುದ್ಧಿ ಇದೆ." ದನಿ ತಗ್ಗಿಸಿದರು. "ನೋಡಪ್ಪಾ, ಸೋಮವಾರದಿಂದ ಪಾಪು ನನ್ನ ಜೊತೆ ಇರ್ಬೇಕು. ಇದು ಗೊತ್ತಾದ್ರೆ ಶಿಶುವಿಹಾರಕ್ಕೆ ಹೋಗುತ್ತೆ, ನಾನು ದಿನಾ ಫ್ರಿಜ್ ನೋಡ್ಕೊಂಡು ಕೂತಿರ್ಬೇಕು. ನೀನು ಆ ಪುಸ್ತಕದಲ್ಲಿ ಒಂದು ಗೆರೆ ಎಳೆದ್ರೆ ಮುಗೀತು. ನಾನು ಗೇಟನ್ನ ಹೀಗೇ ಒರಗಿಸಿಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ಮೇಸ್ತ್ರಿ ಪೆನ್ನಿನ ಮುಚ್ಚಳ ಹಾಕಿದರು.

ಹನ್ನೊಂದು ವರ್ಷದ ಹಿಂದೆ ಅವರು ಇನ್ನೊಂದು ಮನೆಗೆ ಗೇಟು ಹಾಕಿದ್ದರು. ಕಬ್ಬಿಣದ ಕಂಬಿ, ಗಟ್ಟಿ ಗೋಡೆ, ಎಲ್ಲಿಯೂ ಎಡವಟ್ಟಿಲ್ಲ. ಆ ಮನೆಯ ತಾತನಿಗೆ ಚಿಲಕ ತೆಗೆಯಲು ಬರುತ್ತಿರಲಿಲ್ಲ. ಕೇಳಲು ನಾಚಿಕೆಪಟ್ಟು ತಿಂಗಳಿಡೀ ಗೇಟನ್ನು ಕಾಲೆತ್ತಿ ದಾಟಿದರು. ಒಂದು ಮಧ್ಯಾಹ್ನ ಪಂಚೆ ಸಿಕ್ಕಿ ಆರು ಮೆಟ್ಟಿಲು ಉರುಳಿದರು. ಕಾಲರ್ ಮೂಳೆ ಮುರಿಯಿತು. ಮೊಮ್ಮಗಳನ್ನು ಆಗಷ್ಟೇ ತೊಟ್ಟಿಲಿಗೆ ಹಾಕಿ ಬಂದಿದ್ದರು. ಯಾರೂ ಮೇಸ್ತ್ರಿಯನ್ನು ದೂರಲಿಲ್ಲ. ತಾತನೇ ಆಸ್ಪತ್ರೆಯ ಮಂಚದ ಮೇಲಿಂದ, "ಗೇಟು ಮಾತ್ರ ಬಂಡೆ ಹಾಗಿದೆ ಮೇಸ್ತ್ರಿ, ಒಂಚೂರೂ ಅಲುಗಲಿಲ್ಲ" ಎಂದು ಮೆಚ್ಚಿಕೊಂಡರು. ಮೇಸ್ತ್ರಿ ಮನೆಗೆ ಬಂದು ಹಳೆಯ ಪ್ಯಾಂಟು ಹುಡುಕಿ ತೆಗೆದು ಹೆಂಡತಿಯ ಮುಂದೆ ಇಟ್ಟರು. ಪಾಪು ಹುಟ್ಟಿದ್ದು ಹಾಗೆ. ಕಂಡಕ್ಟರಿಗೆ ಹೇಳುವ ವಯಸ್ಸಿನಲ್ಲಿ ಸುಳ್ಳಿದೆ.

"ಗೆರೆ ಎಳೆಯೋಕಾಗಲ್ಲ ಅಮ್ಮಾ," ಎಂದರು. "ಆದ್ರೆ ಪರೀಕ್ಷೆ ಇದ್ದದ್ದು ಗೇಟಿಗೆ. ಅದು ಫೇಲಾಯ್ತು."

ಕೆಳಗೆ ಅಡುಗೆಮನೆಯಲ್ಲಿ ಮಗುವಿನ ಊಟ ನಡೆದಿತ್ತು. ಅರ್ಧ ಬಾಯಿಗೆ, ಅರ್ಧ ಮಗನ ಅಂಗಿಗೆ. ಮೇಸ್ತ್ರಿ ಬಾಗಿಲಲ್ಲಿ ನಿಂತು ವಿಷಯ ಹೇಳಿದರು.

"ಗೇಟು ಫೇಲಾ?" ಮಗ ಚಮಚ ಹಿಡಿದುಕೊಂಡೇ ಎದ್ದ. "ನಾವಿಬ್ರೂ ತೆಗೆದ್ವಲ್ಲ?"

"ನೀವು ತೆಗೆದ್ರಿ."

ಸೊಸೆ ಮೇಸ್ತ್ರಿಯ ಬೆನ್ನ ಹಿಂದೆ ನೋಡಿದಳು. ಅಜ್ಜಿ ಮೆಟ್ಟಿಲಿಳಿದು ಬಂದು, ಮೂರನೆಯ ಮೆಟ್ಟಿಲ ಮೇಲೆ ನಿಂತಿದ್ದರು.

"ನನ್ನ ಕೈಲಿ ಆಗ್ಲಿಲ್ಲಮ್ಮಾ. ಹೆಬ್ಬೆರಳು ಹೋಗಿ ಎರಡು ವರ್ಷ ಆಯ್ತು. ಮೇಸ್ತ್ರಿ ಬಾಯಿ ಬಿಡೋ ಥರ ಕಾಣಲಿಲ್ಲ, ಅದಕ್ಕೇ ನಾನೇ ಹೇಳ್ತಿದೀನಿ."

"ಗೊತ್ತು ಅತ್ತೆ."

"ಏನು ಗೊತ್ತು?"

"ಡಬ್ಬಿ ಮುಚ್ಚಳ ಎಲ್ಲ ಸಡಿಲ ಮಾಡಿ ಇಡ್ತಿರೋದು ಯಾರು ಅಂದ್ಕೊಂಡಿದ್ರಿ?"

ಅಜ್ಜಿ ತುಸು ಯೋಚಿಸಿದರು. "ನಾನು ಕೈ ವಾಸಿ ಆಗ್ತಿದೆ ಅಂದ್ಕೊಂಡಿದ್ದೆ."

"ಅದಕ್ಕೇ!" ಎಂದ ಮಗ. "ಆರು ತಿಂಗಳಿಂದ ಮುಚ್ಚಳ ತೆಗೆಯೋಕೆ ನನ್ನ ಯಾರೂ ಕರೀತಾನೇ ಇಲ್ಲ." ಅವನ ಮುಖ ಸಣ್ಣಗಾಗಿತ್ತು.

ಸೊಸೆ ಮಗುವಿನ ಬಾಯಿ ಒರೆಸಿದಳು. "ಆದ್ರೆ ಅತ್ತೆ, ಮುಚ್ಚಳ ಬೇರೆ, ಮೆಟ್ಟಿಲು ಬೇರೆ. ಇಷ್ಟು ಜೋರಾಗಿದೆ ಅಂತ ನಂಗೆ ಗೊತ್ತಿರಲಿಲ್ಲ. ಪಾಪುನ ಕೆಳಗಿಟ್ಟು ಎರಡೂ ಕೈಯಲ್ಲಿ ತೆಗೆದ್ರೆ?"

"ಆಗ ಗೇಟು ತೆರೆದಿರುತ್ತೆ, ಪಾಪು ನೆಲದ ಮೇಲಿರುತ್ತೆ," ಎಂದರು ಮೇಸ್ತ್ರಿ.

ಸೊಸೆ ಫ್ರಿಜ್ಜಿನ ಚೀಟಿಯತ್ತ ನೋಡಲಿಲ್ಲ. ನೋಡದಿದ್ದದ್ದು ಎಲ್ಲರಿಗೂ ಕಾಣಿಸಿತು.

"ಹತ್ತಕ್ಕೆ ಹತ್ತು ಆಗ್ಬೇಕು," ಎಂದಳು. "ಒಂಬತ್ತಾದ್ರೂ ನಾನು ಹೋಗಿ ಆ ಲ್ಯಾಬಲ್ಲಿ ಕೂರೋಕಾಗಲ್ಲ. ಶುಕ್ರವಾರ ನಾಲ್ಕು ಗಂಟೆಯೊಳಗೆ ಅವರಿಗೆ ಫೋನ್ ಮಾಡ್ಬೇಕು."

"ಆಗ್ಲಿಲ್ಲ ಅಂದ್ರೆ ಕಳಿಸು. ನಾನೇನೂ ಬಾಗಿಲಿಗೆ ಅಡ್ಡ ಮಲಗಲ್ಲ," ಎಂದರು ಅಜ್ಜಿ.

ಮೇಸ್ತ್ರಿ ಟೇಪು ಹೊರತೆಗೆದರು. ಈ ಸಲ ಅಳೆದದ್ದು ಅಜ್ಜಿಯನ್ನು. ನೆಲದಿಂದ ಮೊಣಕೈಗೆ ತೊಂಬತ್ತಾರು, ಮೊಣಕೈಯಿಂದ ಮಣಿಕಟ್ಟಿಗೆ ಇಪ್ಪತ್ಮೂರು.

"ಈ ಮನೇಲಿ ನೀವು ಏನೂ ಕಷ್ಟ ಇಲ್ಲದೆ ತೆಗೆಯೋ ಬಾಗಿಲು ಯಾವುದು?"

"ಹಿತ್ತಿಲ ಬಾಗಿಲು."

ಹಿತ್ತಿಲ ಬಾಗಿಲಿಗೆ ಹಳೆಯ ಕಾಲದ ಮರದ ಅಗುಳಿ ಇತ್ತು. ಒಂದು ತುದಿ ಬಾಗಿಲಿಗೆ ಮೊಳೆಯಲ್ಲಿ ತೂಗುವ, ಇನ್ನೊಂದು ತುದಿ ಚೌಕಟ್ಟಿನ ಕಚ್ಚಿನೊಳಗೆ ಕೂರುವ, ಒಂದು ಮೊಳ ಉದ್ದದ ಮರದ ಪಟ್ಟಿ. ಅಜ್ಜಿ ಒಗೆದ ಬಟ್ಟೆಯ ಬಕೆಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಮುಂಗೈಯನ್ನು ಅಗುಳಿಯ ಕೆಳಗೆ ತೂರಿಸಿ ಮೇಲಕ್ಕೆತ್ತಿದರು, ಸೊಂಟದಿಂದ ಬಾಗಿಲನ್ನು ತಳ್ಳಿದರು. ಬೆರಳಿಗೆ ಕೆಲಸವೇ ಇರಲಿಲ್ಲ. ಮೇಸ್ತ್ರಿ ನಾಲ್ಕು ಸಲ ಮಾಡಿಸಿ ನೋಡಿದರು. ಅಗುಳಿಯ ಕೆಳಗಿನ ಅಂಚು ನಡುವೆ ಸವೆದು ತಗ್ಗಾಗಿತ್ತು.

"ಎಷ್ಟು ವರ್ಷದಿಂದ ತೆಗೀತಿದೀರ?"

"ನಲವತ್ತಾರು."

ಪುಸ್ತಕದಲ್ಲಿ ಅದರ ಚಿತ್ರ ಬರೆದುಕೊಂಡರು. ಮೇಲಿನ ಗೇಟನ್ನು ಬಿಚ್ಚಿ ಡಬ್ಬಕ್ಕೆ ಹಾಕಿದರು. ಕೆಳಗಿನ ಗೇಟಿನ ಡಬ್ಬವನ್ನು ತೆರೆಯಲೇ ಇಲ್ಲ. ಗೋಡೆಯ ಹಲಗೆ, ಕಂಬದ ತುಂಡು ಇದ್ದಲ್ಲೇ ಇದ್ದವು. ಎರಡು ದಿನಕ್ಕೆ ಮೆಟ್ಟಿಲ ಬುಡಕ್ಕೆ ಒಂದು ಮೇಜನ್ನು ಅಡ್ಡ ಮಲಗಿಸಿ, ಮಗನನ್ನು ಅದರ ಕಾವಲಿಗೆ ನೇಮಿಸಿದರು.

ಗುರುವಾರ ಬೆಳಗ್ಗೆ ಮೇಸ್ತ್ರಿ ತಮ್ಮ ಕೆಲಸದ ಕೊಟ್ಟಿಗೆಯಲ್ಲಿ ಬಲಗೈ ಹೆಬ್ಬೆರಳನ್ನು ಅಂಗೈಗೆ ಅಂಟುಪಟ್ಟಿಯಿಂದ ಸುತ್ತಿಕೊಂಡರು. ಕೀಸುಳಿ ಹಿಡಿಯುವಾಗ ಬಿಚ್ಚುವುದು, ಚಿಲಕ ಪರೀಕ್ಷಿಸುವಾಗ ಮತ್ತೆ ಸುತ್ತುವುದು. ಹನ್ನೊಂದು ಗಂಟೆಗೆ ಬಿಚ್ಚುವುದೇ ಮರೆತು ಅಂಗಿ ಬದಲಿಸಲು ಹೋದರು. ಒಂದು ಗುಂಡಿಯೂ ಕಾಜಾಕ್ಕೆ ಸೇರಲಿಲ್ಲ. ಹೆಂಡತಿ ಬಂದು ಐದೂ ಗುಂಡಿ ಹಾಕಿಕೊಟ್ಟರು. ಆಮೇಲೆ ಪುಸ್ತಕ ನೋಡಿದರು.

"ಇಷ್ಟು ದಿನ ಗೋಡೆ ಅಳತೆ ತರ್ತಿದ್ರಿ. ಈಗ ಯಾರ್ದೋ ಮೊಣಕೈ ತಂದಿದೀರಲ್ಲ?"

"ಆ ಮನೇಲಿ ನೆಟ್ಟಗಿರೋದು ಅದೊಂದೇ."

ಗೇಟು ಮರದ್ದಾಯಿತು. ಸಂದುಗಳಲ್ಲಿ ಮಗುವಿನ ತಲೆ ತೂರದಷ್ಟು ಒತ್ತೊತ್ತಾದ ಪಟ್ಟಿಗಳು. ಏರಿ ನಿಲ್ಲಲು ಅಡ್ಡಪಟ್ಟಿ ಎಲ್ಲೂ ಇಲ್ಲ. ಬಣ್ಣವಿಲ್ಲ, ವಾರ್ನಿಷ್ ಇಲ್ಲ, ಅಡುಗೆ ಎಣ್ಣೆ ಸವರಿದ್ದು ಮಾತ್ರ. ಯಾಕೆಂದರೆ ಗೇಟನ್ನು ಮೊದಲು ಬಳಸುವುದು ಹಲ್ಲುಗಳು. ಮೇಲಂಚಿನಲ್ಲಿ ಅಗುಳಿ. ಅದರ ಕೆಳಭಾಗದಲ್ಲಿ ಮುಂಗೈ ಕೂರುವಷ್ಟು ತಗ್ಗನ್ನು ಮೇಸ್ತ್ರಿ ಮೊದಲೇ ಉಳಿಯಿಂದ ತೆಗೆದರು, ಇನ್ನೊಂದು ನಲವತ್ತಾರು ವರ್ಷ ಕಾಯುವುದು ಬೇಡವೆಂದು. ಗೇಟು ಮುಚ್ಚಿದಾಗ ಅಗುಳಿ ತಾನೇ ಜಾರಿ ಕಚ್ಚಿಗೆ ಬೀಳಬೇಕು. ಬಿದ್ದಾಗ ಸದ್ದಾಗಬೇಕು. ನಾಲಿಗೆಯ ಸಹಾಯವಿಲ್ಲದೆ.

ಶುಕ್ರವಾರ ಹನ್ನೊಂದಕ್ಕೆ ಎರಡು ಗೇಟುಗಳ ಸಮೇತ ಬಂದರು. ಕೆಳಗಿನದು ಒಂದು ಗಂಟೆಗೆ ಕೂತಿತು. ಅದರಲ್ಲಿ ಅಜ್ಜಿ, ಮಗ, ಸೊಸೆ ಹತ್ತತ್ತು ಸಲ ಹೋಗಿಬಂದರು, ಏನೂ ತೊಂದರೆಯಾಗಲಿಲ್ಲ. ಮೇಲಿನದು ಕೂರುವಾಗ ಎರಡೂವರೆ ದಾಟಿತ್ತು. ವಾಲಿದ ಗೋಡೆ ಕೊನೆಗಳಿಗೆಯಲ್ಲಿ ಮೂರು ಮಿಲಿಮೀಟರ್ ಹೆಚ್ಚು ಕೇಳಿತು.

ಮಗ, ಸೊಸೆ ತಂತಮ್ಮ ಹತ್ತು ಸಲ ಮುಗಿಸಿದರು. ಅಜ್ಜಿಯ ಸರದಿಗೆ ಈ ಸಲ ಯಾರನ್ನೂ ಕೆಳಗೆ ಕಳಿಸಲಿಲ್ಲ. ಮಗ ಮಗುವನ್ನೆತ್ತಿಕೊಂಡು ಮಲಗುವ ಕೋಣೆಯ ಬಾಗಿಲಲ್ಲಿ ನಿಂತ. ಸೊಸೆ ಮೇಸ್ತ್ರಿಯ ಪಕ್ಕದಲ್ಲಿ, ಅಗುಳಿ ಸರಿಯಾಗಿ ಕಾಣುವ ಕಡೆ ನಿಂತು ಎಣಿಸಿದಳು. ಅಜ್ಜಿ ಪಾಪುವನ್ನು ಎಡಗೈಗೆ ತೆಗೆದುಕೊಂಡರು. ಮುಂಗೈ ಅಗುಳಿಯ ಕೆಳಗೆ ಹೋಯಿತು, ಅಗುಳಿ ಎದ್ದಿತು, ಗೇಟು ತೆರೆಯಿತು. ದಾಟಿದರು. ಟಕ್.

"ಒಂದು," ಎಂದಳು ಸೊಸೆ.

ಎರಡು, ಮೂರು, ನಾಲ್ಕು. ಐದಕ್ಕೆ ಅಜ್ಜಿ ಪಾಪುವಿನ ಬೆನ್ನು ತಟ್ಟತೊಡಗಿದ್ದರು. ಆರು.

ಏಳನೆಯ ಸಲ ಗೇಟು ಮುಚ್ಚಿತು, ಸದ್ದಾಗಲಿಲ್ಲ. ಅಗುಳಿ ಕಚ್ಚಿನ ಅಂಚಿನ ಮೇಲೆ ಕೂತಿತ್ತು, ಒಳಕ್ಕೆ ಬಿದ್ದಿರಲಿಲ್ಲ. ಸೊಸೆ ಮೆಟ್ಟಿಲ ಗೋಡೆಯ ಗಡಿಯಾರ ನೋಡಿದಳು. ಮೂರು ಗಂಟೆ ಐದು ನಿಮಿಷ.

"ಬಿದ್ದಿಲ್ಲ," ಎಂದವರು ಅಜ್ಜಿಯೇ. "ನಾನು ಮುಚ್ಚಿದ್ದೀನಿ, ಅದು ಬಿದ್ದಿಲ್ಲ. ಬರ್ಕೋಪ್ಪಾ."

ಮೇಸ್ತ್ರಿ ಬರೆದುಕೊಂಡರು. ಅಗುಳಿಯನ್ನು ಬಿಚ್ಚಿ ನೆಲದ ಮೇಲೆ ಕೂತು, ತುದಿಯನ್ನು ಉಪ್ಪುಕಾಗದದಿಂದ ಉಜ್ಜಿದರು. ಕಚ್ಚಿನ ಬಾಯಿಯನ್ನು ಉಳಿಯಿಂದ ಕೂದಲೆಳೆಯಷ್ಟು ಅಗಲಿಸಿದರು. ಎರಡಕ್ಕೂ ಮೇಣದಬತ್ತಿಯ ತುಂಡು ತಿಕ್ಕಿದರು. ಮತ್ತೆ ಹಾಕಿ, ಗೇಟನ್ನು ತಾವೇ ಮೂವತ್ತು ಸಲ ಮುಚ್ಚಿದರು. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಒಮ್ಮೆ ಕೈಬಿಟ್ಟು. ಮೂವತ್ತು ಸಲವೂ ಬಿತ್ತು. ಆಗ ಮೂರೂ ಇಪ್ಪತ್ತೈದು.

"ಏಳರಿಂದ ಮುಂದುವರಿಸೋದಾ?" ಮಗ ಕೇಳಿದ.

"ಒಂದರಿಂದ," ಎಂದು ಮೇಸ್ತ್ರಿ, ಸೊಸೆ, ಅಜ್ಜಿ ಮೂವರೂ ಒಟ್ಟಿಗೆ ಹೇಳಿದರು.

ಅಜ್ಜಿ ಒಂದರಿಂದ ಶುರು ಮಾಡಿದರು. ಅವಸರ ಮಾಡಲಿಲ್ಲ. ಏಳು ಬಂದಾಗ ಗೇಟು ಮುಚ್ಚಿ ಅಲ್ಲೇ ನಿಂತು, ಸದ್ದು ಕೇಳಿಸಿಕೊಂಡು, ಮೇಸ್ತ್ರಿ ಮೊನ್ನೆ ಮಾಡಿದಂತೆ ಕಾಲ ತುದಿಯಿಂದ ಒತ್ತಿ ನೋಡಿದರು. ಅಲುಗಲಿಲ್ಲ. ಎಂಟು, ಒಂಬತ್ತು. ಹತ್ತನೆಯದಕ್ಕೆ ಸೊಸೆ ಎಣಿಸುವುದನ್ನು ಮರೆತಳು.

"ಹತ್ತು ಅನ್ನು," ಎಂದರು ಅಜ್ಜಿ.

"ಹತ್ತು."

ಅಜ್ಜಿ ಪಾಪುವನ್ನು ಮೇಸ್ತ್ರಿಗೆ ಒಪ್ಪಿಸಿ, ಭುಜ ತಿಕ್ಕಿಕೊಂಡರು. "ನಿಂದು ನಮ್ಮ ಪಾಪುಗಿಂತ ಭಾರ. ಆದ್ರೆ ಹಟ ಮಾಡಲ್ಲ."

ಮಗು ಗೇಟಿನ ಬಳಿಗೆ ತೆವಳಿಕೊಂಡು ಬಂದು ಪಟ್ಟಿ ಹಿಡಿದು ಎದ್ದು ನಿಂತಿತು, ಎರಡೂ ಕೈಯಿಂದ ಜಗ್ಗಿತು. ಅದರಿಂದ ಉಪಯೋಗವಿಲ್ಲವೆಂದು ಕಂಡು, ಇದ್ದ ನಾಲ್ಕು ಹಲ್ಲುಗಳನ್ನು ಗೇಟಿಗೆ ಇಟ್ಟಿತು.

ಮೇಸ್ತ್ರಿ ಪುಸ್ತಕದಲ್ಲಿ "ಯಾರು ತೆಗೆದರು" ಎಂಬ ಸಾಲಿಗೆ ಮೂರನೆಯ ಗೆರೆ ಎಳೆದರು. ಅದರ ಕೆಳಗೆ ಇನ್ನೊಂದು ತಾರೀಖು ಬರೆದರು. ಮಗುವಿಗೆ ಎರಡೂವರೆ ತುಂಬುವ ತಿಂಗಳು ಅವರು ಮತ್ತೆ ಬಂದು ಎರಡೂ ಗೇಟು ಬಿಚ್ಚಿ, ಗೋಡೆಯ ತೂತುಗಳಿಗೆ ಸುಣ್ಣದ ಗಾರೆ ತುಂಬುತ್ತಾರೆ.

ಮೂರೂ ನಲವತ್ತಕ್ಕೆ ಸೊಸೆ ಕೆಳಗಿಳಿದು ಶಿಶುವಿಹಾರಕ್ಕೆ ಫೋನ್ ಮಾಡಿದಳು. ಜಾಗ ಬೇಡ, ಸಾಲಿನಲ್ಲಿರುವ ಮುಂದಿನ ಮಗುವಿಗೆ ಕೊಡಿ ಎಂದಳು. ಫ್ರಿಜ್ಜಿನ ಚೀಟಿ ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಮುಚ್ಚಳಗಳನ್ನು ಮಾತ್ರ ಅವತ್ತು ಸಂಜೆಯೂ ಸಡಿಲ ಮಾಡಿಯೇ ಇಟ್ಟಳು.

ಸೋಮವಾರ ಬೆಳಗ್ಗೆ ಎಂಟೂ ಹತ್ತಕ್ಕೆ ಅವಳು ಕೆಲಸಕ್ಕೆ ಹೊರಡುತ್ತಾಳೆ. ಮಗುವಿನ ಸ್ನಾನ ಎಂಟೂವರೆಗೆ. ಸ್ನಾನದ ಮನೆ ಮೇಲಿದೆ.